ಅಡಿಕೆ ಚಪ್ಪರದಲ್ಲಿ ಮೂಗಿನ ಅಲರ್ಜಿ ಪಾಠ: ನನ್ನ ಅನುಭವ

ನಾನು ತೀರ್ಥಹಳ್ಳಿ ಕಡೆಯ ಉಪಕೇಂದ್ರವೊಂದರ ಸಮುದಾಯ ಆರೋಗ್ಯ ಅಧಿಕಾರಿ. ಮೂಗಿನ ಅಲರ್ಜಿ ಬಗ್ಗೆ ತಿಳಿಸೋಕೆ ಅಡಿಕೆ ಸುಲಿಯುವ ಚಪ್ಪರಕ್ಕೇ ಹೋಗ್ತೀನಿ ಅಂದಾಗ, "ಕೆಲಸದ ಮಧ್ಯೆ ಯಾರು ಕೇಳ್ತಾರೆ?" ಅಂದವರೇ ಜಾಸ್ತಿ. ಈಗ ಅವರೇ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ.

ಮೊದಲು ಫ್ಲೆಕ್ಸ್ ಹಾಕಿಸಿದ್ದೆವು. ಒಂದಕ್ಕೆ ಐನೂರರ ಮೇಲೆ ಬಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಆಮೇಲೆ ಸಭಾಭವನದಲ್ಲಿ ಭಾಷಣ. ಮೈಕು, ಚಹಾ, ಜೀಪು ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ಬಂದ ಇಪ್ಪತ್ತು ಜನರಲ್ಲಿ ಅರ್ಧ ಮಂದಿ ಬಿಪಿ ನೋಡಿಸಿಕೊಂಡು ಹೊರಟುಬಿಟ್ಟರು.

ಚಪ್ಪರದಲ್ಲಿ ಭಾಷಣ ಇಲ್ಲ, ಬರೀ ಪ್ರಶ್ನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು ಸೀನುತ್ತಲೇ ಇರ್ತಾರಲ್ವಾ, ಅಲ್ಲಿಂದಲೇ ಶುರು. "ಜ್ವರ ಬಂದಿತ್ತಾ ಅಕ್ಕಾ? ಮೂಗು, ಕಣ್ಣು ತುರಿಸುತ್ತಾ? ಎಷ್ಟು ದಿನದಿಂದ?" ನೆಗಡಿ ವಾರ, ಹತ್ತು ದಿನದಲ್ಲಿ ಇಳಿಯುತ್ತೆ. ಜ್ವರವೇ ಇಲ್ಲದೆ ತಿಂಗಳುಗಟ್ಟಲೆ ಮೂಗು ನೀರಾಗಿ ಸುರಿದರೆ, ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು ಬಂದರೆ, ಅಲರ್ಜಿ ಇರಬಹುದು. "ನಂದು ಶೀತದ ಮೈ" ಅನ್ನುತ್ತಿದ್ದವರೇ ದಿನ ಎಣಿಸತೊಡಗಿದರು. ಅಲ್ಲೇ ಒಬ್ಬ ಹುಡುಗ ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಿದ್ದ. ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆಯೇ ಬಿದ್ದಿತ್ತು. ಅವನ ಅಮ್ಮನನ್ನು ಕೇಳಿ ಅದನ್ನು ತೋರಿಸಿದೆ. ಉಳಿದ ತಾಯಂದಿರೂ ತಮ್ಮ ಮಕ್ಕಳ ಮೂಗು ನೋಡಿದರು.

ದೊಡ್ಡ ತಲೆನೋವು ಮೂಗಿಗೆ ಹಾಕುವ ಅಲರ್ಜಿ ಸ್ಪ್ರೇಯದು. ಮುನ್ನೂರರ ಆಸುಪಾಸು ಕೊಟ್ಟು ತಂದು, ಎರಡು ದಿನ ಹಾಕಿ ಬಿಟ್ಟಿರ್ತಾರೆ. ಸ್ಟೀರಾಯ್ಡ್ ಸ್ಪ್ರೇ ಪೂರ್ತಿ ಹಿಡಿಯೋಕೆ ಒಂದೆರಡು ವಾರ ದಿನಾ ಹಾಕಬೇಕು. ಖಾಲಿ ಬಾಟಲಿ ಕೈಗೆ ಕೊಟ್ಟು ಹಿಡಿಯುವುದನ್ನು ಕಲಿಸಿದೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತಲೆ ಸ್ವಲ್ಪ ಮುಂದೆ ಬಾಗಿರಲಿ. ತುದಿ ಮೂಗಿನ ನಡುಗೋಡೆ ಕಡೆಗಲ್ಲ, ಹೊಳ್ಳೆಯ ಹೊರಗೋಡೆ ಕಡೆಗೆ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿಯುತ್ತೆ. ಮೂಗು ಬಿಡಿಸುವ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕುವವರನ್ನು ಒಪ್ಪಿಸೋದು ಇನ್ನೂ ಕಷ್ಟ. ನಾಲ್ಕೈದು ದಿನ ದಾಟಿದರೆ ಅದೇ ಡ್ರಾಪ್ಸ್ ಮೂಗು ಕಟ್ಟಿಸುತ್ತೆ ಅಂದ್ರೆ ನಂಬಲ್ಲ. ನಾನು ಹೇಗೆ ನಂಬಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ತೇವ ಅಳೆಯುವ ಸಣ್ಣ ಮೀಟರ್ ತಂದು ಮಲಗುವ ಕೋಣೆಯಲ್ಲಿಟ್ಟೆ. ಆಷಾಢದಲ್ಲಿ ತೇವ ಶೇ. 90ರ ಸುತ್ತಮುತ್ತಲೇ ಇರುತ್ತಿತ್ತು. ಶೇ. 50ರ ಕೆಳಗಿಳಿದರೆ ಧೂಳಿನ ನುಸಿ, ಅಂದ್ರೆ ಹಾಸಿಗೆ, ದಿಂಬಿನಲ್ಲಿದ್ದು ಅಲರ್ಜಿ ತರುವ ಕಣ್ಣಿಗೆ ಕಾಣದ ಹುಳು, ಬದುಕೋದು ಕಷ್ಟ, ಆದರೆ ಮಲೆನಾಡಿನ ಮಳೆಯಲ್ಲಿ ಅದು ಆಗದ ಮಾತು. ಕಂಬಳಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ ನೋಡಿದೆವು. ಹೊಗೆ ವಾಸನೆಗೆ ಸೀನು ಹೆಚ್ಚಾಯಿತು. ಕೊನೆಗೆ ಕೈ ಹಿಡಿದದ್ದು ಬಚ್ಚಲ ಹಂಡೆ. ನೀರು 55 ಡಿಗ್ರಿ ದಾಟಿದರೆ ನುಸಿ ಸಾಯುತ್ತೆ. ದಿಂಬಿನ ಚೀಲ, ಹಾಸಿಗೆ ಬಟ್ಟೆ ವಾರಕ್ಕೊಮ್ಮೆ ಹಂಡೆಯ ಸುಡುನೀರಿಗೆ. ಕಾಸು ಖರ್ಚಿಲ್ಲ.

ಇಡೀ ಕೊಯ್ಲಿಗೆ ನನ್ನ ಕೈಯಿಂದ ಹೋದದ್ದು ಸ್ಕೂಟರ್ ಪೆಟ್ರೋಲು, ಸುಮಾರು ಸಾವಿರದ ಐನೂರು. ಮೂಗಿನ ಅಲರ್ಜಿ ಜೊತೆಗೆ ಆಸ್ತಮಾ ಇರೋದೂ ಉಂಟಲ್ವಾ, ಉಬ್ಬಸ ಇದ್ದ ನಾಲ್ಕೈದು ಜನರನ್ನು ವೈದ್ಯರ ಹತ್ತಿರ ಕಳಿಸಿದೆವು. ಮುಂದಿನ ಕೊಯ್ಲಿಗೆ ಆಶಾ ಕಾರ್ಯಕರ್ತೆಯರು ಊರು ಹಂಚಿಕೊಂಡಿದ್ದಾರೆ. ಸ್ಪ್ರೇ ಮುಗಿದ ಮೇಲೆ ಖಾಲಿ ಬಾಟಲಿ ಎಸೀಬೇಡಿ, ಉಪಕೇಂದ್ರಕ್ಕೆ ತಂದುಕೊಡಿ ಅಂತ ಮನೆಮನೆಗೂ ಹೇಳಿದ್ದೇನೆ.