ಠಾಣೆಯಿಂದ ಕರೆ ಬಂದರೆ: ಹಿರಿಯರು, ಮಹಿಳೆಯರು, ಮಕ್ಕಳಿಗೆ ಕಾನೂನಿನ ರಕ್ಷಣೆ

‘ಹತ್ತು ನಿಮಿಷ ಠಾಣೆಗೆ ಬಂದು ಹೋಗಿ’ ಎಂದು ಫೋನ್ ಬಂದರೆ ಬಹಳ ಜನ ಏನೂ ಕೇಳದೆ ಹೊರಟುಬಿಡುತ್ತಾರೆ. ಕರೆದಿರುವುದು ಮನೆಯ ಅಜ್ಜನನ್ನೋ, ಗರ್ಭಿಣಿಯನ್ನೋ, ಕಿವಿ ಕೇಳದ ಹುಡುಗನನ್ನೋ ಆದರೆ ಸ್ವಲ್ಪ ತಡೆಯಿರಿ.

ಮೊದಲು ಲಿಖಿತ ನೋಟಿಸ್ ಕೇಳಿ. ಅದರಲ್ಲಿ ಸೆಕ್ಷನ್ ನೋಡಿ. ಪೊಲೀಸ್ ತನಿಖೆ, ಬಂಧನ ಹೇಗೆ ನಡೆಯಬೇಕು ಎಂದು ಹೇಳುವ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179 ಎಂದಿದ್ದರೆ ಕರೆದಿರುವುದು ಸಾಕ್ಷಿಯಾಗಿ. 35(3) ಎಂದಿದ್ದರೆ ನಿಮ್ಮವರ ಮೇಲೇ ದೂರು ಅಥವಾ ಅನುಮಾನ ಇದೆ ಎಂದರ್ಥ. ಆಗ ಸುಮ್ನೆ ಕೂರಬೇಡಿ, ತಕ್ಷಣ ವಕೀಲರನ್ನು ಕಾಣಿ. ನೋಟಿಸ್ ಕಡೆಗಣಿಸಿದರೆ ಬಂಧಿಸಲು ಅದೇ ಕಾರಣವಾಗಬಹುದು.

179 ಆಗಿದ್ದರೆ ಕಾನೂನು ನಿಮ್ಮ ಕಡೆ ಗಟ್ಟಿಯಾಗಿ ನಿಲ್ಲುತ್ತದೆ. 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಯಾವ ವಯಸ್ಸಿನ ಮಹಿಳೆಯೇ ಆಗಲಿ, ಅಂಗವಿಕಲರು, ಮಾನಸಿಕ ವೈಕಲ್ಯ ಇರುವವರು, ತೀವ್ರ ಕಾಯಿಲೆಯವರು: ಇವರನ್ನು ಠಾಣೆಗೆ ಬನ್ನಿ ಎಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬರಬೇಕು. ತಾವಾಗಿ ಒಪ್ಪಿದರೆ ಮಾತ್ರ ಠಾಣೆಗೆ ಹೋಗಬಹುದು. ಎಡವಟ್ಟಾಗುವುದು ಇಲ್ಲೇ. ಹೆದರಿ ‘ಆಯ್ತು ಸಾರ್, ಬರ್ತೀವಿ’ ಅಂದರೆ ಅದನ್ನೇ ಒಪ್ಪಿಗೆ ಎನ್ನಬಹುದು, ಅಲ್ವಾ? ಅದರ ಬದಲು, ‘ಸಾರ್, ನಮ್ಮ ತಂದೆಗೆ 72 ವರ್ಷ. ಏನು ಕೇಳಿದರೂ ಸಹಕರಿಸುತ್ತೇವೆ, ದಯವಿಟ್ಟು ಮನೆಗೆ ಬನ್ನಿ’ ಎನ್ನಿ. ಇದನ್ನೇ ಒಂದು ಹಾಳೆಯಲ್ಲಿ ಬರೆದು, ಆಧಾರ್ ಅಥವಾ ವೈದ್ಯರ ಚೀಟಿಯ ಪ್ರತಿ ಲಗತ್ತಿಸಿ ಠಾಣೆಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ.

ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರನ್ನೂ ಠಾಣೆಗೆ ಕರೆಸಿದ್ದರು. ಮಹಿಳೆಯನ್ನು ಹಾಗೆ ಕರೆಸಿದ್ದು ತಪ್ಪು ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಥವರೇ ಕೋರ್ಟಿನ ತನಕ ಹೋಗಬೇಕಾಯಿತು ಎಂದ ಮೇಲೆ, ಓದು ಬರಹ ಬಾರದ ಅಜ್ಜಿಯ ಪಕ್ಕದಲ್ಲಿ ಮನೆಯವರು ನಿಲ್ಲಲೇಬೇಕು.

ಪ್ರಶ್ನೆ ಶುರುವಾದಾಗ ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ ಹೇಳಲಿ. ತಮ್ಮನ್ನೇ ಅಪರಾಧದಲ್ಲಿ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ತನಿಖೆಯಲ್ಲಿ ಬರೆದುಕೊಂಡ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸುವಂತೆಯೂ ಇಲ್ಲ. ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಬೇಡ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇನ್ನೂ ಜಾಸ್ತಿ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ತಂದೆ ತಾಯಿ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ. ಪೊಲೀಸರು ಮನೆಗೆ ಬರುವ ಮೊದಲೇ ಈ ಫೋನ್ ಮಾಡಿ.