130 ಅಂಕಿಯ ಸಂಖ್ಯೆ, ಎಂಟು ಕೋರ್, 16 ಜಿಬಿ: ಒಡೆದದ್ದು ಹೀಗೆ

16 ಜಿಬಿ ರ‍್ಯಾಮ್ 130 ಅಂಕಿಯ ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯಲು ಸಾಲದು, ಕೊನೆಯ ಹತ್ತಿರ ದೊಡ್ಡ ಮ್ಯಾಟ್ರಿಕ್ಸ್ ಬಿಡಿಸುವ ಹಂತದಲ್ಲಿ ಯಂತ್ರ ಮಲಗುತ್ತೆ ಅಂತಲೇ ಎಲ್ಲರೂ ಅಂದಿದ್ದು. ಸಾಲುತ್ತೆ, ಧಾರಾಳವಾಗಿ. ಯಾವ ವಿಶೇಷ ರೂಪವೂ ಇಲ್ಲದ 130 ಅಂಕಿಯ ಸಂಯುಕ್ತ ಸಂಖ್ಯೆ, ಎನ್‌ಎಫ್‌ಎಸ್ (ದೊಡ್ಡ ಸಂಖ್ಯೆ ಒಡೆಯುವ ನಂಬರ್ ಫೀಲ್ಡ್ ಸೀವ್ ವಿಧಾನ) ನಡೆಸುವ ತಂತ್ರಾಂಶ ಕ್ಯಾಡೊ-ಎನ್‌ಎಫ್‌ಎಸ್‌ನಲ್ಲಿ ಎರಡು ಅವಿಭಾಜ್ಯಗಳಾಗಿ ಬಿಚ್ಚಿಕೊಂಡಿತು.

ಮೊದಲು ಇಸಿಎಂ, ಅಂದರೆ ಎಲಿಪ್ಟಿಕ್ ಕರ್ವ್ ಬಳಸಿ ಚಿಕ್ಕ ಅಪವರ್ತನ ಇದೆಯಾ ಅಂತ ಹುಡುಕೋದು; ಒಂದೊಂದು ಕರ್ವ್ ಒಂದೊಂದು ಪ್ರಯತ್ನ, ಬಿ1 ಅನ್ನೋದು ಪ್ರಯತ್ನ ಎಷ್ಟು ದೂರ ಹೋಗಬೇಕು ಅನ್ನುವ ಮಿತಿ. 35 ಅಂಕಿಯ ಅಪವರ್ತನಕ್ಕೆ ಬಿ1 10 ಲಕ್ಷ, 900 ಚಿಲ್ಲರೆ ಕರ್ವ್. 40 ಅಂಕಿಗೆ 30 ಲಕ್ಷ, ಸುಮಾರು 2350 ಕರ್ವ್. ಅಲ್ಲಿಗೆ ಸಾಕು. ಇಷ್ಟಾದ ಮೇಲೂ 40 ಅಂಕಿಯ ಅಪವರ್ತನ ತಪ್ಪಿಸಿಕೊಳ್ಳುವ ಸಾಧ್ಯತೆ ಮೂರರಲ್ಲೊಂದಕ್ಕಿಂತ ತುಸು ಹೆಚ್ಚೇ. ಹಾಗಂತ 45ರ ಆಸೆಗೆ ಬಿದ್ದರೆ ಬಿ1 1.1 ಕೋಟಿ, 4480 ಕರ್ವ್. ಆ ಕರೆಂಟಿನಲ್ಲಿ ಎನ್‌ಎಫ್‌ಎಸ್‌ನ ಮುಖ್ಯ ಹಂತವಾದ ಜರಡಿಯ ದೊಡ್ಡ ಪಾಲೇ ಮುಗಿಯುತ್ತೆ. ಒಟ್ಟು ಅಂಕಿಗಳ 4/13 ಭಾಗದವರೆಗೆ ಇಸಿಎಂ, ಆಮೇಲೆ ಎನ್‌ಎಫ್‌ಎಸ್.

ಎನ್‌ಎಫ್‌ಎಸ್‌ನ ಮೊದಲ ಹಂತವಾದ ಬಹುಪದೋಕ್ತಿ ಆಯ್ಕೆಗೆ ಒಟ್ಟು ಸಮಯದ ಶೇ. 5ರಿಂದ 10 ಕೊಟ್ಟೆ. ಅಲ್ಲಿ ಒಂದು ಕೈಚಳಕ ಇದೆ, ಅದನ್ನು ಇಲ್ಲಿ ಬಿಚ್ಚಿಡಲ್ಲ.

ರ‍್ಯಾಮ್ ನುಂಗೋದು ಮ್ಯಾಟ್ರಿಕ್ಸ್ ಅಲ್ಲ, ಜರಡಿ. ಎಂಟು ಪ್ರೊಸೆಸ್ ಹಚ್ಚಿದರೆ ಎಂಟೂ ತಂತಮ್ಮ ಫ್ಯಾಕ್ಟರ್ ಬೇಸ್ (ಜರಡಿಗೆ ಬಳಸುವ ಚಿಕ್ಕ ಅವಿಭಾಜ್ಯಗಳ ಪಟ್ಟಿ) ಇಟ್ಟುಕೊಂಡು ಕೂರುತ್ತವೆ, ಡಿಸ್ಕ್ ಸ್ವಾಪ್ ಶುರುವಾಗಿ ವೇಗ ನೆಲಕಚ್ಚುತ್ತೆ. ಒಂದೇ ಪ್ರೊಸೆಸ್, ಎಂಟು ಥ್ರೆಡ್: ಬೇಸ್ ಹಂಚಿಕೆಯಾಗುತ್ತೆ. ಜರಡಿಯ ಕ್ಷೇತ್ರ ಎಷ್ಟು ದೊಡ್ಡದು ಅಂತ ಹೇಳುವ ಐ ಬೆಲೆ 13ರಲ್ಲೇ ಇರಲಿ. 14 ಮಾಡಿದರೆ ಜರಡಿಯ ಕ್ಷೇತ್ರ ನಾಲ್ಕು ಪಟ್ಟಾಗುತ್ತೆ. ರಿಲೇಶನ್ (ಜರಡಿಯಲ್ಲಿ ಸಿಗುವ, ಚಿಕ್ಕ ಅವಿಭಾಜ್ಯಗಳಾಗಿ ಒಡೆಯುವ ಜೋಡಿ) ಎರಡೂವರೆ ಕೋಟಿ ಆಸುಪಾಸು ಬೇಕಾಯಿತು, ಅದರಲ್ಲಿ ಕಾಲು ಭಾಗದಷ್ಟು ನಕಲು. ಕನಿಷ್ಠಕ್ಕೆ ನಿಲ್ಲಿಸದೆ ಇನ್ನೊಂದಿಷ್ಟು ಜರಡಿ ಹಿಡಿದರೆ ರಿಲೇಶನ್‌ಗಳಿಂದ ಕಟ್ಟುವ ಮ್ಯಾಟ್ರಿಕ್ಸ್ ಕುಗ್ಗುತ್ತೆ. ನನ್ನದು ಹತ್ತು ಲಕ್ಷ ಸಾಲಿನ ಹತ್ತಿರ ಬಂತು, ಕೆಲವೇ ಜಿಬಿಯಲ್ಲಿ ಕೂತಿತು.

ದುಡ್ಡು ಕೈಬಿಟ್ಟಿದ್ದು ಬಾಡಿಗೆ ಸರ್ವರ್‌ನಲ್ಲಿ. ಯಾವಾಗ ಬೇಕಾದರೂ ಕಿತ್ತುಕೊಳ್ಳುವ ಅಗ್ಗದ ದರದ ಯಂತ್ರ ಜರಡಿಗೆ ಹೇಳಿ ಮಾಡಿಸಿದ್ದು, ಹೋದರೆ ಒಂದೆರಡು ತುಂಡು ಕೆಲಸ ಹೋಗುತ್ತೆ, ಅಷ್ಟೇ. ಲೀನಿಯರ್ ಆಲ್ಜೀಬ್ರಾ, ಅಂದರೆ ಮ್ಯಾಟ್ರಿಕ್ಸ್ ಬಿಡಿಸುವ ಹಂತ, ಅಲ್ಲಿ ಓಡಿಸಿದರೆ, ನಡುನಡುವೆ ಉಳಿಸಿಕೊಳ್ಳುವ ಚೆಕ್‌ಪಾಯಿಂಟ್ ಬೇರೆ ಡಿಸ್ಕ್‌ನಲ್ಲಿ ಇಲ್ಲದಿದ್ದರೆ, ಮತ್ತೆ ಸೊನ್ನೆಯಿಂದ. ಬಿಲ್ ಮಾತ್ರ ಬರುತ್ತೆ.

ವರ್ಗಮೂಲದ ಹಂತದಲ್ಲಿ ಮ್ಯಾಟ್ರಿಕ್ಸ್ ಕೊಟ್ಟ ಮೊದಲ ಡಿಪೆಂಡೆನ್ಸಿಯಿಂದ (ಗುಣಿಸಿದರೆ ವರ್ಗವಾಗುವ ರಿಲೇಶನ್‌ಗಳ ಗುಂಪು) ಮ.ಸಾ.ಅ. 1 ಬಂದರೆ ಗಾಬರಿ ಬೇಡ. ಎರಡೇ ಅವಿಭಾಜ್ಯಗಳಿದ್ದಾಗ ಪ್ರತಿಯೊಂದೂ ಅರ್ಧಕ್ಕರ್ಧ ಸೋಲುವಂಥದ್ದೇ, ಮುಂದಿನದನ್ನು ಹಾಕಿ. ಸಿಕ್ಕ ಎರಡನ್ನೂ ಗಣಿತದ ತಂತ್ರಾಂಶ ಪಾರಿ/ಜಿಪಿಯ ಐಸ್‌ಪ್ರೈಮ್‌ಗೆ ಕೊಟ್ಟರೆ ಕಣ್ಣುಮಿಟುಕಿಸುವಷ್ಟರಲ್ಲಿ ಅವಿಭಾಜ್ಯ ಅಂತ ಸಾಬೀತು.

ಜರಡಿ ಓಡುತ್ತಿದ್ದಾಗ ಪಕ್ಕದಲ್ಲಿ ಒಂದು ಆಟ. 2ರ ಘಾತ 64 ಕೂಡಿಸು 1, ಅಂದರೆ ಆರನೇ ಫರ್ಮಾ ಸಂಖ್ಯೆ, 1 ಕಳೆದಾಗ ಬರೀ ಚಿಕ್ಕ ಭಾಜಕಗಳಿರುವ ಅಪವರ್ತನವನ್ನು ಹಿಡಿಯುವ ಪೊಲಾರ್ಡ್ ಪಿ−1ಗೆ ಕೊಟ್ಟೆ. ಚಿಕ್ಕ ಅಪವರ್ತನ 274177. ಅದರಲ್ಲಿ 1 ಕಳೆದರೆ 2⁸ × 3² × 7 × 17, ಇವುಗಳಲ್ಲಿ ದೊಡ್ಡದು 2⁸, ಅಂದರೆ 256, ಹಾಗಾಗಿ ಬಿ1 256 ಸಾಕು. ಘಾತಕ್ಕೇರಿಸುವ ಆಧಾರ 2 ತಗೊಂಡರೆ ಕೆಲಸ ಕೆಡುತ್ತೆ: 2ರ ಘಾತ 128 ಇಡೀ ಸಂಖ್ಯೆಗೇ ಶೇಷ 1 ಕೊಡುತ್ತೆ, ಮ.ಸಾ.ಅ. ಪೂರ್ತಿ ಸಂಖ್ಯೆಯಾಗಿಯೇ ವಾಪಸ್ ಬರುತ್ತೆ. ಆಧಾರ 3 ಇಟ್ಟೊಡನೆ 274177 ಬಂತು. ಇನ್ನೊಂದು, 67280421310721, ಈ ಬಿ1ಗೆ ಜಪ್ಪಯ್ಯ ಅನ್ನಲ್ಲ. 1 ಕಳೆದರೆ ಉಳಿಯುವುದರಲ್ಲಿ 2998279 ಅನ್ನುವ ದೊಡ್ಡ ಅವಿಭಾಜ್ಯ ಕೂತಿದೆ.