ಗುಡ್ಡದ ಲೆಕ್ಕಕ್ಕೆ ಭೂಕಂಪವನ್ನೂ ಸೇರಿಸಿದೆ

ಪುಣೆಯಲ್ಲಿ ಗುಡ್ಡ ಕುಸಿತ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಾಳೀಣ. 2014ರ ಜುಲೈ 30ರ ಬೆಳಿಗ್ಗೆ ಆಂಬೇಗಾವ್ ತಾಲ್ಲೂಕಿನ ಆ ಊರು ಮಣ್ಣಿನಡಿ ಸೇರಿತು, ನೂರೈವತ್ತರಷ್ಟು ಜನ ತೀರಿಕೊಂಡರು. ಕಾರಣ ಜಡಿಮಳೆ. ಹಾಗಾಗಿ ಇಲ್ಲಿ ಇಳಿಜಾರು ಪರೀಕ್ಷಿಸುವ ನಮ್ಮಂಥ ಎಂಜಿನಿಯರುಗಳ ಕಣ್ಣೂ ಮಳೆಯ ಮೇಲೇ ಇರುತ್ತದೆ. ಸಾತಾರಾ ಜಿಲ್ಲೆಯ ಕೊಯ್ನಾ ಕಣಿವೆಯ ಕೆಲಸ ಕೈಗೆ ಬಂದಾಗ ನಾನು ಆ ರೂಢಿ ಬಿಟ್ಟೆ. 1967ರ ಡಿಸೆಂಬರ್ 11ರಂದು 6ಕ್ಕೂ ಮೀರಿದ ತೀವ್ರತೆಯ ಭೂಕಂಪ ಕಂಡ ಜಾಗವದು. ಸಣ್ಣಪುಟ್ಟ ಕಂಪನ ಈಗಲೂ ನಿಂತಿಲ್ಲ.

ಲೆಕ್ಕಕ್ಕೆ ಅಮೆರಿಕದ ಎಂಜಿನಿಯರ್ ನ್ಯೂಮಾರ್ಕ್ 1965ರಲ್ಲಿ ಕೊಟ್ಟ ವಿಧಾನ ಹಿಡಿದೆ. ಮಣ್ಣಿನ ಹಿಡಿತವನ್ನು ಅದನ್ನು ಕೆಳಗೆಳೆಯುವ ಬಲದಿಂದ ಭಾಗಿಸಿದರೆ ಸುರಕ್ಷತಾ ಅಂಶ ಸಿಗುತ್ತದೆ. ಅದರಲ್ಲಿ 1 ಕಳೆದು ಇಳಿಜಾರಿನ ಕೋನದ ಸೈನ್‌ನಿಂದ ಗುಣಿಸಬೇಕು. ನೆಲ ಎಷ್ಟು ಜೋರಾಗಿ ಅಲುಗಿದರೆ ಮಣ್ಣು ಜಾರತೊಡಗುತ್ತದೆ ಎಂಬುದು ಆಗ ತಿಳಿಯುತ್ತದೆ. 30 ಡಿಗ್ರಿ ಇಳಿಜಾರಿಗೆ ಒಣಗಾಲದಲ್ಲಿ ಸುರಕ್ಷತಾ ಅಂಶ 1.3 ಇದ್ದರೆ, ಗುರುತ್ವದ 0.15 ಪಾಲು ವೇಗೋತ್ಕರ್ಷ ಬೇಕು. ಆಷಾಢದಲ್ಲಿ ನೀರು ಕುಡಿದು ಅದು 1.1ಕ್ಕೆ ಇಳಿದರೆ 0.05 ಸಾಕು! ಗುಡ್ಡ ಅದೇ, ಮೂರರಲ್ಲೊಂದು ಪಾಲು ಅಲುಗಾಟಕ್ಕೇ ಜಾರುತ್ತದೆ. ಕೊಯ್ನಾ ಕಂಪನ ಆಗಿದ್ದು ಚಳಿಗಾಲದಲ್ಲಿ. 2011ರ ಸೆಪ್ಟೆಂಬರ್ 18ರ ಸಿಕ್ಕಿಂ ಭೂಕಂಪ ಮಳೆಗಾಲದಲ್ಲೇ ಬಂದು, ಗುಡ್ಡಗಳು ಜರಿದು ರಸ್ತೆಗಳೇ ಮುಚ್ಚಿಹೋದವು.

ಮಳೆಯ ಕುಸಿತ ಹುಡುಕುವವರು ಸಾಮಾನ್ಯವಾಗಿ ನೀರು ಕೂಡುವ ತಗ್ಗುಗಳನ್ನು ನೋಡುತ್ತಾರೆ. ಕಂಪನದ ಅಲೆ ಗುಡ್ಡದ ನೆತ್ತಿಯಲ್ಲಿ ಇನ್ನಷ್ಟು ಬಲಗೊಳ್ಳುವುದರಿಂದ ನಾವು ಮೊದಲು ನೆತ್ತಿಗೇ ಹತ್ತಿದೆವು. ಕಾರ್ವಿ ಪೊದೆಗಳ ಹಿಂದೆ, ನೆತ್ತಿಗೆ ಸಮಾನಾಂತರವಾಗಿ ಒಂದು ಬಿರುಕು. ಅಂಚು ಸವೆದು ಒಳಗೆ ತರಗೆಲೆ ತುಂಬಿತ್ತು, ಕೈ ಇಳಿಸಿದರೆ ಮೊಳಕೈವರೆಗೂ ಹೋಯಿತು. ಜೊತೆಗಿದ್ದ ಹುಕ್ಕೇರಿಯ ಹುಡುಗ, 'ಸರ್, ನೀರು ಹರದ ಗುರುತs ಇಲ್ರೀ ಇಲ್ಲೆ' ಅಂದ. ಅವನ ಮಾತು ಸರಿಯಿತ್ತು. ಮಳೆ ಕೊರೆದ ಬಿರುಕು ಹಾಗಿರುವುದಿಲ್ಲ.

ಕಂಪನಕ್ಕೆ ಬಿಟ್ಟ ಇಂಥ ಬಿರುಕು ವರ್ಷಗಟ್ಟಲೆ ಸುಮ್ಮನಿರಬಹುದು. ಆಮೇಲೊಂದು ದೊಡ್ಡ ಮಳೆಗೆ ನೀರು ನೇರ ಒಳಗಿಳಿಯುತ್ತದೆ. ಸಹ್ಯಾದ್ರಿಯಲ್ಲಿ ಬಸಾಲ್ಟಿನ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿ ಪದರವಿದೆ, ನೀರು ಅದರ ಮೇಲೆ ತಡೆದು ನಿಲ್ಲುತ್ತದೆ, ಒತ್ತಡ ಏರುತ್ತದೆ. ಚೀನಾದ ವೆಂಚುವಾನ್‌ನಲ್ಲಿ 2008ರ ಭೂಕಂಪ ಸಡಿಲಿಸಿಟ್ಟ ಮಣ್ಣು 2010ರ ಆಗಸ್ಟ್ ಮಳೆಗೆ ಕಲ್ಲುಕೆಸರಿನ ಹೊಳೆಯಾಗಿ ಊರಿಗೆ ನುಗ್ಗಿತು. ಅದಕ್ಕೇ, ಕಂಪನವಾದ ದಿನ ಗುಡ್ಡ ನಿಂತಿತ್ತು ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ.

ಬಿರುಕಿಗೆ ಜೇಡಿಮಣ್ಣು ತುಂಬಿ ಗುದ್ದಿಸಿದೆ, ಮೇಲೆ ತಾಡಪತ್ರಿ ಹೊದಿಸಿದೆ, ಮೇಲ್ಭಾಗದಲ್ಲಿ ನೀರು ಬದಿಗೆ ತಿರುಗುವಂತೆ ಕಾಲುವೆ ತೋಡಿಸಿದೆ. ಆಚೆ ಈಚೆ ಕಬ್ಬಿಣದ ಗೂಟ ನೆಟ್ಟು ನಡುವಿನ ಅಂತರ ಟೇಪಿನಲ್ಲಿ ಅಳೆಯುವುದನ್ನು ಊರವರಿಗೇ ಕಲಿಸಿದೆ. ಮಳೆ ಶುರುವಾಗುವ ಮುಂಚೆ ಒಮ್ಮೆ, ನೆಲ ನಡುಗಿದಾಗಲೆಲ್ಲ ಮತ್ತೊಮ್ಮೆ ಅಳೆದು ಶಾಲೆಯ ಗೋಡೆ ಮೇಲೆ ಬರೆಯುತ್ತಾರೆ. ಅಂತರ ಅಳತೆಯಿಂದ ಅಳತೆಗೆ ಬೆಳೆಯತೊಡಗಿದರೆ, ಮಳೆ ಬರಲಿ ಬಿಡಲಿ, ಕೆಳಗಿನ ಮನೆಗಳನ್ನು ಅಂದೇ ಖಾಲಿ ಮಾಡಬೇಕು.